ಹಂಚಿನ ಮನೆಯಲ್ಲಿ ನಿಧಾನ ಡೆತ್ ಮೆಟಲ್: ಒಂದು ಹಾಡು ಮಾಡುವ ಬಗೆ

ಡೆತ್ ಮೆಟಲ್ ಅಂದರೆ ಭಾರದ ಗಿಟಾರ್, ಘರ್ಜಿಸುವ ಗಂಟಲಿನ ರಾಕ್ ಸಂಗೀತ. ಅದನ್ನು ನಿಧಾನದಲ್ಲಿ ಮಾಡೋಣ ಅಂತ ಹೊರಟವರು ಹೆಚ್ಚಾಗಿ ಒಂದೇ ತಪ್ಪು ಮಾಡುತ್ತಾರೆ. ಕೈಯಲ್ಲಿರುವ ವೇಗದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ತೆಗೆದುಕೊಂಡು ಅದನ್ನೇ ಅರ್ಧ ವೇಗದಲ್ಲಿ ನುಡಿಸುತ್ತಾರೆ. ಕೇಳಿದರೆ ಭಾರ ಅನಿಸುವುದಿಲ್ಲ, ಬ್ಯಾಂಡಿನವರಿಗೆ ಜ್ವರ ಬಂದಿದೆಯೇನೋ ಅನಿಸುತ್ತದೆ. ನಾವೂ ಅದನ್ನೇ ಮಾಡಿದೆವು. ಮಂಗಳೂರಿನ ಕುಲಶೇಖರದ ಹಳೆ ಹಂಚಿನ ಮನೆ, ಹಿಂಬದಿಯ ಕೋಣೆ, ಮೂರು ಜನ, ಎರಡು ಮಳೆಗಾಲ. ಮೊದಲ ಮಳೆಗಾಲ ಪೂರ್ತಿ ಹಾಳು. ಎರಡನೆಯದರಲ್ಲಿ ಏಳು ನಿಮಿಷದ ಒಂದು ಹಾಡು ಕೈಗೆ ಬಂತು. ಅಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಗಿಟಾರಿನಲ್ಲಿ ಪವರ್ ಕಾರ್ಡ್ ಹಿಡಿಯಲು ಬರುತ್ತದೆ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಅಲ್ಪಸ್ವಲ್ಪ ಗೊತ್ತು ಅನ್ನುವವರಿಗೆ ಇದು ಸಾಕು.

ಮೊದಲು ಒಂದೇ ಬ್ಯಾಂಡ್ ಹಿಡಿದುಕೊಳ್ಳಿ

ನಾವು ಹಿಡಿದದ್ದು ಆಟಾಪ್ಸಿ. ಕ್ರಿಸ್ ರೈಫರ್ಟ್ ಎಂಬ ಡ್ರಮ್ಮರ್ 1987ರಲ್ಲಿ ಬಂದ ಡೆತ್ ಬ್ಯಾಂಡಿನ ಮೊದಲ ಆಲ್ಬಂಗೆ ಡ್ರಮ್ಸ್ ನುಡಿಸಿದ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ತನ್ನದೇ ಬ್ಯಾಂಡ್ ಕಟ್ಟಿದ. ಮೊದಲ ಆಲ್ಬಂ 1989ರಲ್ಲಿ, ಎರಡನೆಯದು 1991ರಲ್ಲಿ. ಆಗ ಉಳಿದವರೆಲ್ಲ ಇನ್ನೂ ಜೋರು, ಇನ್ನೂ ವೇಗ ಅಂತ ಓಡುತ್ತಿದ್ದರು. ಇವರು ಓಡುತ್ತಾ ಓಡುತ್ತಾ ಸಡನ್ನಾಗಿ ಕೆಸರಿಗೆ ಇಳಿಯುತ್ತಿದ್ದರು. ಡ್ರಮ್ಸ್ ನುಡಿಸುವವನೇ ಹಾಡುವವನೂ ಹೌದು. ಆ ನಿಧಾನದ ಜಾಗಗಳಲ್ಲಿ ಉಸಿರಾಡಲು ಅಷ್ಟು ಅವಕಾಶ ಇರುವುದು ಅದಕ್ಕೇ ಇರಬೇಕು ಅಂತ ನನ್ನ ಊಹೆ.

ನಿಮಗೆ ಬೇರೆಯವರು ಹಿಡಿಸಬಹುದು. ಪೂರ್ತಿ ನಿಧಾನ ಬೇಕಾದರೆ ನ್ಯೂಯಾರ್ಕಿನ ವಿಂಟರ್, 1990ರ ಆಲ್ಬಂ. ರೋಡ್ ರೋಲರ್ ಹಾಗೆ ಬೇಕಾದರೆ ನೆದರ್‌ಲ್ಯಾಂಡ್ಸ್‌ನ ಆಸ್ಫಿಕ್ಸ್. ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್, ಮೈ ಡೈಯಿಂಗ್ ಬ್ರೈಡ್, ಅನಾಥೆಮಾ ದುಃಖದ ದಾರಿ ಹಿಡಿದವರು, ವಯೊಲಿನ್ ಕೂಡ ಬರುತ್ತದೆ. ತಮಾಷೆ ಎಂದರೆ ಈ ಮೂವರನ್ನೂ ಆಟಾಪ್ಸಿಯನ್ನೂ ಹೊರತಂದದ್ದು ಪೀಸ್‌ವಿಲ್ ಎಂಬ ಒಂದೇ ಕಂಪನಿ. ಈಗಿನವರಲ್ಲಿ ಫಿನ್‌ಲ್ಯಾಂಡಿನ ಹುಡೆಡ್ ಮೆನೆಸ್, ಜಪಾನಿನ ಕಾಫಿನ್ಸ್ ಕೇಳಿ. ಹಳಬರಿಂದ ಕಲಿತದ್ದನ್ನು ಹೇಗೆ ತಮ್ಮದು ಮಾಡಿಕೊಳ್ಳಬಹುದು ಅಂತ ಗೊತ್ತಾಗುತ್ತದೆ.

ಸುಮ್ನೆ ಕೇಳಿದರೆ ಸಾಲದು. ಕಾಗದ, ಪೆನ್ನು ಹಿಡಿದು ಕುಳಿತುಕೊಳ್ಳಿ. ಫೋನಿನ ಮೆಟ್ರೊನೋಮಿನಲ್ಲಿ ಬೆರಳು ತಟ್ಟಿ ವೇಗ ಅಳೆಯುವ ಸೌಲಭ್ಯ ಇರುತ್ತದೆ. ಒಂದು ಆಲ್ಬಂ ಹಾಕಿ, ವೇಗ ಬದಲಾದಾಗಲೆಲ್ಲ ಮೂರು ಸಂಗತಿ ಬರೆದುಕೊಳ್ಳಿ: ಎಷ್ಟು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಎಷ್ಟು ಸೆಕೆಂಡ್ ಇತ್ತು, ಹೇಗೆ ಬದಲಾಯಿತು. ಮೂರನೆಯದೇ ಮುಖ್ಯ. ಡ್ರಮ್ಸ್ ಉರುಳಿಸಿ ಬದಲಾಯಿಸಿದರಾ? ಪೂರ್ತಿ ನಿಲ್ಲಿಸಿದರಾ? ಗಿಟಾರ್ ಒಂದೇ ಉಳಿಯಿತಾ? ಎರಡು ಸಂಜೆ ಹೀಗೆ ಕುಳಿತರೆ ಆ ಬ್ಯಾಂಡಿನ ಚಾಳಿ ಸಿಗುತ್ತದೆ. ತೆಗೆದುಕೊಳ್ಳಬೇಕಾದದ್ದು ಆ ಚಾಳಿ. ರಿಫ್ ಎತ್ತಿಕೊಂಡರೆ ಅದು ಕದ್ದದ್ದು, ಕೇಳಿದವರಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ತಂತಿ, ಶ್ರುತಿ ಮತ್ತು ನಮ್ಮ ಊರಿನ ತೇವ

ಗಿಟಾರಿನ ಮಾಮೂಲಿ ಶ್ರುತಿ ಇ. ನಾವು ಸಿ-ಗೆ ಇಳಿಸಿದೆವು, ಅಂದರೆ ಆರೂ ತಂತಿ ನಾಲ್ಕು ಫ್ರೆಟ್‌ನಷ್ಟು ಕೆಳಗೆ. ಐದು ಇಳಿಸಿದರೆ ಬಿ. ಅದಕ್ಕಿಂತ ಕೆಳಗೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಅಂಗಡಿಯಿಂದ ಬಂದ ಗಿಟಾರಿನಲ್ಲಿ ಸಾಮಾನ್ಯವಾಗಿ 9–42ರ ತೆಳು ತಂತಿ ಇರುತ್ತದೆ. ಇಷ್ಟು ಇಳಿಸಿದಾಗ ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. 11–54 ಅಥವಾ 12–60 ಹಾಕಿ. ಊರಿನ ಅಂಗಡಿಗಳಲ್ಲಿ ಇಂಥ ದಪ್ಪ ತಂತಿ ಯಾವಾಗಲೂ ಇರುವುದಿಲ್ಲ. ಆನ್‌ಲೈನಿನಲ್ಲಿ ಎರಡು ಸೆಟ್ ಒಟ್ಟಿಗೇ ತರಿಸಿಕೊಳ್ಳಿ.

ತಂತಿ ದಪ್ಪ ಆದಾಗ ಗಿಟಾರಿನ ತಲೆಯ ಹತ್ತಿರದ ನಟ್‌ನ ಗೀರಿನಲ್ಲಿ ಅದು ಕೂರುವುದಿಲ್ಲ, ಶ್ರುತಿ ಮಾಡುವಾಗ ಟಿಕ್ ಟಿಕ್ ಅನ್ನುತ್ತದೆ. ರಿಪೇರಿ ಗೊತ್ತಿರುವವರ ಹತ್ತಿರ ಗೀರು ಅಗಲ ಮಾಡಿಸಿ. ಆಮೇಲೆ 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ ತೋರಿಸುತ್ತವಾ ನೋಡಿ. ಇಲ್ಲದಿದ್ದರೆ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿ ಮಾಡಿ. ವೇಗದ ಸಂಗೀತದಲ್ಲಿ ಈ ಅಪಶ್ರುತಿ ಮುಚ್ಚಿಹೋಗುತ್ತದೆ. ನಮ್ಮದರಲ್ಲಿ ಒಂದು ಕಾರ್ಡ್ ಐದು ಸೆಕೆಂಡ್ ನಿಂತೇ ಇರುತ್ತದೆ, ಎಲ್ಲಾ ಕೇಳುತ್ತದೆ.

ಇನ್ನು ತೇವ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೊತೆಗೆ ಕಡಲಿನ ಉಪ್ಪುಗಾಳಿ. ಮೊದಲ ಜುಲೈಯಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಟ್ಟು ಹತ್ತು ದಿನ ಮುಟ್ಟಲಿಲ್ಲ. ತಿರುಗಿ ಎತ್ತಿದಾಗ ತಂತಿ ಕಂದು ಬಣ್ಣ, ಬೆರಳು ಜಾರಿಸಿದರೆ ಮರಳುಕಾಗದ. ಚರ್ಮದ ಪಟ್ಟಿಯ ಮೇಲೆ ಬೂಸ್ಟು. ಈಗ ನುಡಿಸಿದ ಕೂಡಲೇ ಹಳೆ ಬೈರಾಸಿನಲ್ಲಿ ತಂತಿ ಒರೆಸಿ, ಗಿಟಾರನ್ನು ಬ್ಯಾಗಿನೊಳಗೆ ಹಾಕಿ, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಒಟ್ಟು ಮಾಡಿ ಒಳಗಿಡುತ್ತೇನೆ. ಪದರ ಹಾಕಿದ ತಂತಿಗೆ ದುಡ್ಡು ಜಾಸ್ತಿ. ಆದರೆ ಮಳೆಗಾಲದಲ್ಲಿ ಆ ದುಡ್ಡು ದಂಡ ಅಲ್ಲ.

ರಿಫ್ ಕಟ್ಟುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಹಾಡು ನಿಲ್ಲುವುದೂ ಬೀಳುವುದೂ ಇಲ್ಲೇ.

ಈ ಸಂಗೀತದ ಬೇರು ಬ್ಲ್ಯಾಕ್ ಸ್ಯಾಬತ್. 1970ರ ಫೆಬ್ರುವರಿ 13ರಂದು ಬಂದ ಅವರ ಮೊದಲ ಆಲ್ಬಂ ಮಳೆ ಸದ್ದು ಮತ್ತು ಗಂಟೆಯಿಂದ ಶುರುವಾಗುತ್ತದೆ. ಆಮೇಲೆ ಬರುವ ರಿಫ್‌ನಲ್ಲಿ ಮೂರೇ ಸ್ವರ. ಒಂದು ಸ್ವರ, ಅದರದೇ ಮೇಲಿನ ಸ್ಥಾಯಿ, ಅಲ್ಲಿಂದ ಇಳಿದು ಆರು ಫ್ರೆಟ್ ದೂರದ ಸ್ವರ. ಪಾಶ್ಚಾತ್ಯರು ಅದನ್ನು ಟ್ರೈಟೋನ್ ಅನ್ನುತ್ತಾರೆ. ಸಂಗೀತ ಕ್ಲಾಸಿಗೆ ಹೋದವರಿಗೆ ಇದು ಹೊಸತಲ್ಲ. ಷಡ್ಜ ಮತ್ತು ಪ್ರತಿ ಮಧ್ಯಮ, ಅಷ್ಟೇ.

ನನಗೆ ಥಿಯರಿ ತಲೆಗೆ ಹೋದದ್ದು ಹೀಗೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತು ಬಿಟ್ಟವ ನಾನು. ದಪ್ಪ ತಂತಿಯನ್ನು ಬಿಟ್ಟು ನುಡಿಸಿದರೆ ಅದೇ ಸ. ಒಂದನೇ ಫ್ರೆಟ್ ಶುದ್ಧ ರಿಷಭ. ಮೂರನೆಯದು ಸಾಧಾರಣ ಗಾಂಧಾರ. ಆರು ಪ್ರತಿ ಮಧ್ಯಮ, ಏಳು ಪಂಚಮ, ಎಂಟು ಶುದ್ಧ ಧೈವತ, ಹನ್ನೊಂದು ಕಾಕಲಿ ನಿಷಾದ. ಒಟ್ಟಿಗೆ ನೋಡಿದರೆ ಶುಭಪಂತುವರಾಳಿ. ಹೆಸರಿನಲ್ಲಿ ಶುಭ ಇದ್ದರೂ ರಾಗದ್ದು ಶೋಕದ ಮುಖ. ಡೆತ್ ಮೆಟಲ್‌ಗೆ ಬೇಕಾದ ಕತ್ತಲೆ ಎಲ್ಲಾ ಅದರೊಳಗೆ ಉಂಟು. ರಾಗ ಹಾಡುತ್ತಿದ್ದೇವೆ ಅಂತ ಜಂಭ ಬೇಡ, ಗಮಕ ಇಲ್ಲದೆ ಅದು ರಾಗ ಆಗುವುದೂ ಇಲ್ಲ. ಬೆರಳು ಎಲ್ಲಿಡಬೇಕು ಅನ್ನುವುದಕ್ಕೆ ಒಂದು ನಕ್ಷೆ ಅಂದುಕೊಳ್ಳಿ.

ಈಗ ಇದನ್ನು ನುಡಿಸಿ. ಮೆಟ್ರೊನೋಮ್ 50ಕ್ಕೆ ಇಡಿ. ಒಂದು ಬೀಟ್ 1.2 ಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್ 4.8 ಸೆಕೆಂಡ್.

ಮೊದಲ ಬಾರ್: ತಂತಿ ಬಿಟ್ಟು ಒಂದು ಪವರ್ ಕಾರ್ಡ್. ಒಂದೇ ಏಟು. ನಾಲ್ಕು ಬೀಟ್ ಹಾಗೇ ಬಿಡಿ.
ಎರಡನೆಯದು: ಒಂದನೇ ಫ್ರೆಟ್ ಎರಡು ಬೀಟ್, ಆರನೆಯದು ಎರಡು ಬೀಟ್.
ಮೂರನೆಯದು: ಮತ್ತೆ ಬಿಟ್ಟ ತಂತಿ, ನಾಲ್ಕು ಬೀಟ್.
ನಾಲ್ಕನೆಯದು: ಮೂರನೇ ಫ್ರೆಟ್ ಮೂರು ಬೀಟ್. ನಾಲ್ಕನೇ ಬೀಟಿನಲ್ಲಿ ಕೈ ಇಟ್ಟು ಎಲ್ಲಾ ಸದ್ದು ನಿಲ್ಲಿಸಿ.

ಒಂದು ಸುತ್ತಿಗೆ 19.2 ಸೆಕೆಂಡ್. ನಾಲ್ಕು ಸುತ್ತು ನುಡಿಸುವಾಗ ಒಂದೂಕಾಲು ನಿಮಿಷ ದಾಟಿರುತ್ತದೆ. ಮೊದಲ ಸಲ ನುಡಿಸಿದಾಗ ಎರಡನೇ ಬೀಟ್ ಬರುವಷ್ಟರಲ್ಲಿ ಬಲಗೈ ಚಡಪಡಿಸುತ್ತದೆ, ಏನಾದರೂ ಸೇರಿಸೋಣ ಅನಿಸುತ್ತದೆ. ಸೇರಿಸಬೇಡಿ. ಆ ಕಾಯುವ ಹೊತ್ತೇ ಹಾಡು. ನಮ್ಮ ಮೊದಲ ಮಳೆಗಾಲ ಹಾಳಾದದ್ದು ಆ ಖಾಲಿ ಜಾಗವನ್ನೆಲ್ಲ ತುಂಬಿಸಲು ಹೋಗಿಯೇ.

ಗೇನ್, ಅಂದರೆ ಡಿಸ್ಟಾರ್ಶನ್ ಎಷ್ಟು ಅನ್ನುವ ಗುಂಡಿ, ಕಡಿಮೆ ಇಡಿ. ಇದನ್ನು ಯಾರೂ ನಂಬುವುದಿಲ್ಲ. ಡಿಸ್ಟಾರ್ಶನ್ ಪೂರ್ತಿ ತಿರುಗಿಸಿದರೆ ಉದ್ದದ ಕಾರ್ಡ್ ಸೀಗಡಿ ಹುರಿದ ಹಾಗೆ ಚರಚರ ಅನ್ನುತ್ತದೆ, ಪಿಕ್ ತಂತಿಗೆ ತಾಗಿದ ಏಟು ಕಾಣೆಯಾಗುತ್ತದೆ. ನಿಮಗೆ ಇಷ್ಟವಾದ ಜಾಗದಿಂದ ಕಾಲು ಭಾಗ ಇಳಿಸಿ. ಸದ್ದು ಕತ್ತರಿಸುವ ನಾಯ್ಸ್ ಗೇಟ್ ಪೂರ್ತಿ ಆಫ್ ಮಾಡಿ. ಕಾರ್ಡ್ ತಣ್ಣಗೆ ಸಾಯುವಾಗ ಗೇಟ್ ಕತ್ತಿ ಹಾಕಿದರೆ ಐದು ಸೆಕೆಂಡ್ ಕಾದದ್ದು ವ್ಯರ್ಥ. ನಾವು ಒಂದು ಇಡೀ ಗಿಟಾರ್ ಟ್ರ್ಯಾಕ್ ಇದೇ ಕಾರಣಕ್ಕೆ ಬಿಸಾಡಿದೆವು.

ವೇಗದಿಂದ ನಿಧಾನಕ್ಕೆ

ಪೂರ್ತಿ ಹಾಡು 50ರಲ್ಲೇ ಇದ್ದರೆ ಕೇಳುವವರು ನಿದ್ದೆ ಹೋಗುತ್ತಾರೆ. ಆಟಾಪ್ಸಿಯ ಗುಟ್ಟು ಬೀಳುವ ಕ್ಷಣದಲ್ಲಿದೆ. ಬೀಳಬೇಕಾದರೆ ಮೊದಲು ಎತ್ತರದಲ್ಲಿ ಇರಬೇಕಲ್ವಾ?

ಇದಕ್ಕೆ ನಮ್ಮ ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಲೆಕ್ಕ ಉಂಟು: ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಪ್ರತಿ ಸಲ ಎರಡು ಪಟ್ಟು. ಒಂದನೇ ಕಾಲ 50 ಆದರೆ ಎರಡನೆಯದು 100, ಮೂರನೆಯದು 200. ವೇಗದ ಭಾಗವನ್ನು 200ರಲ್ಲಿ ನುಡಿಸಿ ನೇರ 50ಕ್ಕೆ ಬಿದ್ದರೆ ಒಳಗಿನ ನಾಡಿ ತಪ್ಪುವುದಿಲ್ಲ. 200ರಿಂದ 63ಕ್ಕೆ ಇಳಿಯಲು ಹೋದರೆ ಡ್ರಮ್ಮರ್ ಮತ್ತು ಗಿಟಾರಿನವರು ಬೇರೆ ಬೇರೆ ಜಾಗದಲ್ಲಿ ಇಳಿಯುತ್ತಾರೆ. ಬೀಳುವ ಮೊದಲು ಡ್ರಮ್ಸ್ ಉರುಳಿಸಬೇಡಿ. ಎಲ್ಲಾ ನಿಲ್ಲಿಸಿ, ಒಂದು ಕ್ರ್ಯಾಶ್, ಒಂದು ಕಾರ್ಡ್. ನಾಲ್ಕು ಬೀಟ್ ಬಿಟ್ಟು ಡ್ರಮ್ಸ್ ಬರಲಿ.

ನಮ್ಮ ಹಾಡಿನ ಲೆಕ್ಕ ಹೀಗಿತ್ತು: ಒಂದೂವರೆ ನಿಮಿಷ ನಿಧಾನ, ಒಂದು ನಿಮಿಷ ಮಧ್ಯಮ, 40 ಸೆಕೆಂಡ್ ಓಟ, ಉಳಿದದ್ದೆಲ್ಲ ಕೆಸರು.

ಡ್ರಮ್ಮರ್ ಸಿಕ್ಕಿದರೆ

ಮಂಗಳೂರಿನಲ್ಲಿ ಡ್ರಮ್ಸ್ ಬರುವವರು ಇದ್ದಾರೆ, ಆದರೆ ಹೆಚ್ಚಿನವರ ಕೈ ಪಳಗಿದ್ದು ಮದುವೆ ರಿಸೆಪ್ಷನ್‌ಗಳಲ್ಲಿ, ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಗಳಲ್ಲಿ. ನಮ್ಮವನದ್ದೂ ಹಾಗೆ. ನಿಧಾನ ನುಡಿಸು ಅಂದರೆ ಎರಡನೇ ಸುತ್ತಿನಲ್ಲಿ ಕೈ ತಾನಾಗಿ ಬೈಲಾ ಕುಣಿತದ ತಾಳದ ಕಡೆಗೆ ಹೋಗುತ್ತಿತ್ತು. ಮೊದಲು ನಾವು ಜಗಳ ಮಾಡಿದೆವು. ಆಮೇಲೆ ಒಂದು ದಿನ ಅವನೇ ಹೇಳಿದ, "ಎಂಥ ಮಾರಾಯ, ಬೈಲಾದ ಆರು ಲೆಕ್ಕವನ್ನೇ ಎಳೆದು ನುಡಿಸಿದರೆ ಆಗುದಿಲ್ವಾ?" ಆಗುತ್ತದೆ. ಅದೇ 6/8, ಮೂರು ಪಟ್ಟು ನಿಧಾನ. ನಡುವಿನ ಒಂದು ಭಾಗ ಹೆಣ ಹೊತ್ತು ನಡೆದ ಹಾಗೆ ತೂಗುತ್ತದೆ, ಅದು ಅವನ ಕೊಡುಗೆ.

50ರಲ್ಲಿ ಕ್ಲಿಕ್ ಇಟ್ಟು ನುಡಿಸುವುದು ಅನುಭವ ಇದ್ದವರಿಗೂ ಕಷ್ಟ. ಎರಡು ಕ್ಲಿಕ್ ನಡುವೆ ಅಷ್ಟು ದೂರ. ಕ್ಲಿಕ್ಕನ್ನು 100ಕ್ಕೆ ಇಟ್ಟು ಒಂದು ಬಿಟ್ಟು ಒಂದಕ್ಕೆ ಹೊಡೆಯಲು ಹೇಳಿ. ಸ್ನೇರ್ ಸಡಿಲ ಮಾಡಿ, ಹೈ-ಹ್ಯಾಟ್ ಅರ್ಧ ತೆರೆದಿರಲಿ. ಕಿಕ್ ಡ್ರಮ್ಮಿನೊಳಗೆ ಒಂದು ತಲೆದಿಂಬು. ಮಳೆಗೆ ಚೆಂಡೆ, ಮದ್ದಳೆಯ ಚರ್ಮ ಇಳಿಯುವ ಹಾಗೆ ಡ್ರಮ್ಸ್‌ನ ಪ್ಲಾಸ್ಟಿಕ್ ಹಾಳೆ ಇಳಿಯುವುದಿಲ್ಲ, ಆ ತಲೆಬಿಸಿ ಇಲ್ಲ.

ನಿಧಾನಕ್ಕೆ ಕಿವಿ ಪಳಗಬೇಕಾದರೆ ಯಕ್ಷಗಾನಕ್ಕೆ ಹೋಗಿ, ಅದೂ ಇಡೀ ರಾತ್ರಿಯ ಆಟಕ್ಕೆ. ಭಾಗವತರು ಒಂದು ಪದವನ್ನು ವಿಳಂಬದಲ್ಲಿ ಎತ್ತಿಕೊಂಡಾಗ ಮದ್ದಳೆಯವರು ಏಟಿನ ನಡುವೆ ಏನು ಮಾಡದೆ ಇರುತ್ತಾರೆ ಅಂತ ನೋಡಿ. ನಮ್ಮ ಡ್ರಮ್ಮರ್‌ಗೆ ಮೆಟ್ರೊನೋಮಿಗಿಂತ ಅದೇ ಹೆಚ್ಚು ಉಪಕಾರ ಮಾಡಿತು.

ಡ್ರಮ್ಮರ್ ಸಿಗದಿದ್ದರೆ ಕಂಪ್ಯೂಟರಿನಲ್ಲಿ ಬರೆಯಿರಿ. ಎಲ್ಲಾ ಏಟು ಒಂದೇ ಜೋರಿನಲ್ಲಿ ಬೇಡ. ಸ್ನೇರ್ ಮಾತ್ರ 10–20 ಮಿಲಿಸೆಕೆಂಡ್ ಹಿಂದೆ ಸರಿಸಿ, ಎಳೆತ ಬರುತ್ತದೆ.

ಗಂಟಲು ಮತ್ತು ಪದ

ಡೆತ್ ಮೆಟಲ್‌ನಲ್ಲಿ ಘರ್ಜಿಸಿ ಹಾಡುವ ಗ್ರೌಲ್ ಕಿರುಚಾಟ ಅಲ್ಲ. ಹೊಟ್ಟೆಯಿಂದ ಉಸಿರು ತಳ್ಳಿ, ಗಂಟಲು ಸಡಿಲ ಬಿಟ್ಟು, ಭಾರ ಎತ್ತುವಾಗ ಬರುವ ನರಳಾಟದಿಂದ ಶುರು ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಕೆರೆದ ಹಾಗೆ ನೋವಾದರೆ ಅಲ್ಲಿಗೇ ನಿಲ್ಲಿಸಿ, ಆ ದಿನ ಮತ್ತೆ ಬೇಡ. ಸ್ವರ ಎರಡು ವಾರ ಒಡೆದೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ನಾನು ಹಾಡುವ ಮೊದಲು ಕುಚ್ಚಲಕ್ಕಿ ಗಂಜಿಯ ತಿಳಿ ಬೆಚ್ಚಗೆ ಕುಡಿಯುತ್ತೇನೆ. ವಿಜ್ಞಾನ ಇದೆಯಾ ಕೇಳಬೇಡಿ.

ಕನ್ನಡದಲ್ಲೇ ಬರೆಯಿರಿ. ನಿಧಾನಕ್ಕೆ ಕನ್ನಡ ಚೆನ್ನಾಗಿ ಒಗ್ಗುತ್ತದೆ. ಊ, ಓ ಇರುವ ಪದಗಳು ಗ್ರೌಲ್‌ನಲ್ಲಿ ಬಾಯಿ ತುಂಬುತ್ತವೆ: ಹೂಳು, ಗೋರಿ, ಊಳು, ಮೋಡ. ಒಂದು ಕಾರ್ಡಿಗೆ ಒಂದೇ ಪದ ಸಾಕು. ಇಕಾರ ಜಾಸ್ತಿ ಇದ್ದರೆ ಸ್ವರ ತೆಳುವಾಗುತ್ತದೆ.

ವಿಷಯಕ್ಕೆ ಅಮೆರಿಕದ ಹೆಣದಂಗಡಿ ಯಾಕೆ? ನಾವು ತುಳುವರ ಆಟಿ ತಿಂಗಳು ತೆಗೆದುಕೊಂಡೆವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಿಡದ ಮಳೆ, ಹಿಂದೆಲ್ಲ ಪತ್ತಾಯ (ಭತ್ತದ ಕಣಜ) ಖಾಲಿಯಾಗಿ ಹಸಿವೆ, ಕಾಯಿಲೆ, ಶುಭಕಾರ್ಯ ಇಲ್ಲ. ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಮಾಡುವ ಕಷಾಯ, ಆ ಕಹಿ. ಇಂಥ ನಿಧಾನದ ಹಾಡಿಗೆ ಇನ್ನೇನು ಬೇಕು? ಆದರೆ ದೈವಗಳ ಹೆಸರು, ಅವುಗಳ ಕಥೆ ಹಾಡುವ ಪಾಡ್ದನ ಎತ್ತಿಕೊಂಡು ಘರ್ಜಿಸಬೇಡಿ. ಅದು ನಂಬಿದವರ ಅಂಗಳ, ನಮ್ಮ ಸ್ಟೇಜ್ ಪ್ರಾಪರ್ಟಿ ಅಲ್ಲ.

ರೆಕಾರ್ಡಿಂಗ್, ಕರೆಂಟು, ನೆರೆಮನೆ

ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಹೆಡ್‌ಫೋನ್ ಇದ್ದರೆ ಸಾಕು. ಗಿಟಾರನ್ನು ನೇರ ಇಂಟರ್‌ಫೇಸಿಗೆ ಚುಚ್ಚಿ ಕಂಪ್ಯೂಟರಿನಲ್ಲಿ ಆಂಪ್ ಸಿಮ್ಯುಲೇಟರ್ ಹಾಕಿ. ನ್ಯೂರಲ್ ಆಂಪ್ ಮಾಡೆಲರ್ ಉಚಿತ. ಹೀಗೆ ಮಾಡಿದರೆ ಹಂಚಿನ ಮೇಲೆ ಎಷ್ಟೇ ಮಳೆ ಹೊಡೆದರೂ ಗಿಟಾರ್ ಟ್ರ್ಯಾಕಿಗೆ ಬರುವುದಿಲ್ಲ. ಒಂದೇ ರಿಫ್ಫನ್ನು ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ಕಾಪಿ ಮಾಡಿ ಅಂಟಿಸಿದರೆ ಅಗಲ ಬರುವುದಿಲ್ಲ. ಎರಡು ಕೈಯ ಸಣ್ಣ ವ್ಯತ್ಯಾಸದಿಂದಲೇ ಆ ಗೋಡೆ ಏಳುವುದು.

ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡಾಗ ರೆಕಾರ್ಡ್ ಮಾಡಬೇಡಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಝೇಂಕಾರ ಪಿಕಪ್ಪಿಗೆ ನೇರ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಗುಂಯ್‌ಗುಡುವುದು ಅರ್ಧ ಕಡಿಮೆ. ಒಂದು ಸಂಜೆ ಪೂರ್ತಿ ನುಡಿಸಿದ್ದೆಲ್ಲ ಹೀಗೆ ನೊಣ ತುಂಬಿದ ಡಬ್ಬಿಯಾಗಿತ್ತು.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ದಂಡ. ಬಿ ಶ್ರುತಿಯ ದಪ್ಪ ತಂತಿಯ ಸ್ವರ ಸುಮಾರು 62 ಹರ್ಟ್ಜ್, ಅದರ ಒಂದು ಅಲೆಯೇ ಐದೂವರೆ ಮೀಟರ್ ಉದ್ದ. ಟ್ರೇ ಅದನ್ನು ಏನು ತಡೆಯುತ್ತದೆ? ಆಂಪ್ ಹಚ್ಚುವ ಕೆಲಸ, ಡ್ರಮ್ಸ್, ಹಾಡುವುದು ಎಲ್ಲಾ ಹಗಲೇ ಮುಗಿಸಿ. ನೆರೆಯವರಿಗೆ ಮೊದಲೇ ಹೇಳಿ. ನಾವು ಹೇಳಿರಲಿಲ್ಲ. ಮೂರನೇ ದಿನ ಪಕ್ಕದ ಮನೆಯ ಬಾಯಮ್ಮ ಬೇಲಿ ಹತ್ತಿರ ಬಂದು ಕೇಳಿದರು, "ಎಂಥ ಮಗಾ, ನಿಮ್ಮಲ್ಲಿ ಗ್ರೈಂಡರ್ ಖಾಲಿ ತಿರುಗ್ತಾ ಉಂಟಾ? ಕಲ್ಲು ಹಾಳಾಗ್ತದೆ." ಅವತ್ತು ನನಗೆ ನಮ್ಮ ಗಿಟಾರ್ ಸದ್ದು ಸರಿಯಾಗಿದೆ ಅಂತ ಧೈರ್ಯ ಬಂತು.

ಮಿಕ್ಸ್

ಬಾಸ್ ಗಿಟಾರಿಗೂ ಸ್ವಲ್ಪ ಡಿಸ್ಟಾರ್ಶನ್ ಕೊಡಿ. ಫೋನಿನ ಸ್ಪೀಕರಿನಲ್ಲಿ ಕೆಳಗಿನ ಸ್ವರ ಬರುವುದೇ ಇಲ್ಲ. ಡಿಸ್ಟಾರ್ಶನ್‌ನಿಂದ ಹುಟ್ಟುವ ಮೇಲಿನ ಸ್ವರಗಳಿಂದ ಮಾತ್ರ ಬಾಸ್ ಇದೆ ಅಂತ ಗೊತ್ತಾಗುತ್ತದೆ. ಗಿಟಾರಿನಲ್ಲಿ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ ಬಾಸ್‌ಗೆ ಜಾಗ ಬಿಡಿ. ರಿವರ್ಬ್ (ಮಾರ್ದನಿ) ಗ್ರೌಲ್‌ಗೆ ಇರಲಿ, ಗಿಟಾರಿಗೆ ಬೇಡ. ಹೆಡ್‌ಫೋನ್, ಫೋನ್, ಕಾರು ಮೂರರಲ್ಲೂ ಕೇಳಿ. ಮರುದಿನ ಬೆಳಿಗ್ಗೆ ಮತ್ತೆ ಕೇಳಿ. ಜೋರಿನ ಸದ್ದನ್ನು ತಗ್ಗಿಸುವ ಲಿಮಿಟರ್ ಒತ್ತಿ ಎಲ್ಲಾ ಒಂದೇ ಜೋರು ಮಾಡಿದರೆ ಆ ಬೀಳುವ ಕ್ಷಣಕ್ಕೆ ಬೀಳಲು ಜಾಗವೇ ಉಳಿಯುವುದಿಲ್ಲ.

ಇನ್ನೊಂದು, ಹಾಡನ್ನು ಮಳೆ ಸದ್ದಿನಿಂದ ಶುರು ಮಾಡಬೇಡಿ. ನಮ್ಮ ಊರಲ್ಲಿ ಅದು ಪುಕ್ಕಟೆ ಸಿಗುತ್ತದೆ, ಆಸೆಯೂ ಆಗುತ್ತದೆ. ಆದರೆ ಸ್ಯಾಬತ್‌ನವರು 1970ರಲ್ಲೇ ಮಾಡಿ ಮುಗಿಸಿದ್ದಾರೆ.

ಕೊನೆಯ ಕಾರ್ಡ್ ನುಡಿಸಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸುವ ಅವಸರ ಬೇಡ. ಅದೊಂದನ್ನು ನಾವು ಆಂಪ್ ಹಚ್ಚಿ, ಮುಂದೆ ಮೈಕ್ ಇಟ್ಟು ಬೇರೆಯಾಗಿ ಹಿಡಿದೆವು. ಗಿಟಾರನ್ನು ಆಂಪಿನ ಎದುರು ಹಿಡಿದು ಕದಲದೆ ನಿಂತೆ. ಕಾರ್ಡ್ ಇಳಿಯಿತು, ಫೀಡ್‌ಬ್ಯಾಕ್ ಎದ್ದಿತು, ಅದೂ ಇಳಿಯಿತು. ಡ್ರಮ್ಮರ್ ಸ್ಟೂಲಿನ ಮೇಲೆ ಉಸಿರು ಹಿಡಿದು ಕುಳಿತಿದ್ದ. ಮನೆಗೆ ಬಂದು ಕೇಳಿದರೆ 40 ಸೆಕೆಂಡ್ ಇತ್ತು. ಕೊನೆಯಲ್ಲಿ ಹಂಚಿನ ಅಂಚಿನಿಂದ ಅಂಗಳದ ಬಾಲ್ದಿಗೆ ನೀರು ತೊಟ್ಟಿಕ್ಕುವುದು ಕೇಳುತ್ತದೆ, ಮೂರು ತೊಟ್ಟು. ಮಳೆ ಬೇಡ ಅಂದವ ನಾನೇ. ಅದನ್ನು ಮಾತ್ರ ಕತ್ತರಿಸಲಿಲ್ಲ.